ಜರ್ಮನ್ ಕ್ರಿಯಾಪದದ ಜೊತೆ ಈ ‘ಜಿಶ್’ ಯಾಕೆ? ‘ಮಿಶ್’ ಎಲ್ಲಿ, ‘ಮಿಯರ್’ ಎಲ್ಲಿ?

ಇಂಗ್ಲಿಷ್ ಮೂಲಕ ಜರ್ಮನ್ ಕಲಿಯುತ್ತಿದ್ದೀರಿ ಅನ್ಸುತ್ತೆ, ಅದಕ್ಕೇ ಇದು ಇಷ್ಟು ವಿಚಿತ್ರವಾಗಿ ಕಾಣುತ್ತಿದೆ. ‘ಜಿಶ್’ ಅಂದರೆ ‘ತನ್ನನ್ನು’ ಅಥವಾ ‘ತನಗೆ’; ‘ಇಶ್’ (ನಾನು) ಬಂದಾಗ ಅದೇ ‘ಮಿಶ್’ (ನನ್ನನ್ನು) ಅಥವಾ ‘ಮಿಯರ್’ (ನನಗೆ) ಆಗುತ್ತದೆ. ‘ಮೈಸೆಲ್ಫ್’ ಪಕ್ಕಕ್ಕಿಡಿ. ನಮ್ಮ ‘ಕೊಳ್ಳು’ ಹಿಡಿದುಕೊಂಡು ಹೊರಡಿ, ಅರ್ಧ ಕೆಲಸ ಮುಗಿಯುತ್ತದೆ.

ಮಗುವಿನ ತಲೆ ಬಾಚಿದರೆ ‘ಬಾಚಿದೆ’, ನಮ್ಮದೇ ಬಾಚಿದರೆ ‘ಬಾಚಿಕೊಂಡೆ’. ಅಲ್ವಾ? ಜರ್ಮನ್‌ನಲ್ಲೂ ಹಾಗೇ: ‘ಇಶ್ ಕೆಮ್ಮೆ ಡಾಸ್ ಕಿಂಡ್’ ಅಂದರೆ ಮಗುವಿನ ತಲೆ ಬಾಚುತ್ತೇನೆ, ‘ಇಶ್ ಕೆಮ್ಮೆ ಮಿಶ್’ ಅಂದರೆ ತಲೆ ಬಾಚಿಕೊಳ್ಳುತ್ತೇನೆ. (ಕೆಮ್ಮಿಗೂ ಇದಕ್ಕೂ ಸಂಬಂಧ ಇಲ್ಲ.) ‘ಜೆಟ್ಸೆನ್ ಜೀ ಜಿಶ್’ ಅಂದರೆ ಕೂತುಕೊಳ್ಳಿ. ‘ಜಿಶ್ ಕ್ಯುಮ್ಮರ್ನ್’ ಅಂದರೆ ಯಾರನ್ನಾದರೂ ನೋಡಿಕೊಳ್ಳುವುದು. ಎಲ್ಲದರಲ್ಲೂ ‘ಕೊಳ್ಳು’ ಇದೆ ನೋಡಿ.

ಇನ್ನು ಮಿಶ್–ಮಿಯರ್ ಜಗಳ. ವಾಕ್ಯದಲ್ಲಿ ‘ಏನನ್ನು’ ಅನ್ನೋ ಪ್ರಶ್ನೆಗೆ ಬೇರೆ ಉತ್ತರ ಇದೆಯಾ ಅಂತ ಮೊದಲು ನೋಡಿ. ‘ಇಶ್ ವಾಶೆ ಮಿಶ್’ ಅಂದಾಗ ತೊಳೆಯುವುದು ನನ್ನನ್ನೇ, ಬೇರೇನೂ ಇಲ್ಲ. ‘ಇಶ್ ವಾಶೆ ಮಿಯರ್ ಡಿ ಹೆಂಡೆ’ ಅಂದಾಗ ಕೈಗಳು ಬಂದು ಆ ಜಾಗದಲ್ಲಿ ಕೂತವು, ಹಾಗಾಗಿ ‘ನನ್ನನ್ನು’ ಹೋಗಿ ‘ನನಗೆ’ ಆಯಿತು. ಇಲ್ಲಿ ‘ನನ್ನ ಕೈ’ ಅಂತ ಹೇಳುವ ರೂಢಿ ಅವರಿಗಿಲ್ಲ, ನಾವೂ ಸುಮ್ನೆ ‘ಕೈ ತೊಳ್ಕೊಂಡು ಬಾ’ ಅಂತೀವಲ್ಲ, ಹಾಗೆ. ‘ಫೋರ್‌ಷ್ಟೆಲೆನ್’ ಕ್ರಿಯಾಪದದಲ್ಲಂತೂ ಅರ್ಥವೇ ಬದಲಾಗುತ್ತದೆ: ‘ಇಶ್ ಷ್ಟೆಲೆ ಮಿಶ್ ಫೋರ್’ ಅಂದರೆ ನನ್ನ ಪರಿಚಯ ಮಾಡಿಕೊಳ್ಳುತ್ತೇನೆ, ‘ಇಶ್ ಷ್ಟೆಲೆ ಮಿಯರ್ ಡಾಸ್ ಫೋರ್’ ಅಂದರೆ ಅದನ್ನು ಊಹಿಸಿಕೊಳ್ಳುತ್ತೇನೆ. ಸಮಾಧಾನದ ವಿಷಯ ಏನಂದರೆ ಈ ತಲೆನೋವು ‘ನಾನು’ ಮತ್ತು ‘ನೀನು’ ಬಂದಾಗ ಮಾತ್ರ (ಮಿಶ್–ಮಿಯರ್, ಡಿಶ್–ಡಿಯರ್). ಉಳಿದ ಜಿಶ್, ಉನ್ಸ್ (ನಾವು ಬಂದಾಗ), ಓಯ್ಶ್ (ಸಲುಗೆಯ ‘ನೀವೆಲ್ಲ’ ಬಂದಾಗ) ಎರಡೂ ಕಡೆ ಒಂದೇ.

‘ಕೊಳ್ಳು’ ಕೈಕೊಡುವ ಜಾಗಗಳೂ ಇವೆ. ನಮಗೆ ನೆಗಡಿ ಸುಮ್ನೆ ‘ಆಗುತ್ತದೆ’, ಜರ್ಮನ್ನರು ಅದನ್ನೂ ತಾವೇ ಮಾಡಿಕೊಳ್ಳುತ್ತಾರೆ: ‘ಜಿಶ್ ಎರ್ಕೆಲ್ಟೆನ್’. ಖುಷಿಪಡುವುದು ‘ಜಿಶ್ ಫ್ರೊಯೆನ್’, ಬೇಗ ಬೇಗ ಮಾಡುವುದು ‘ಜಿಶ್ ಬೆಐಲೆನ್’. ಇವಕ್ಕೆ ಕಾರಣ ಹುಡುಕುತ್ತಾ ಕೂರಬೇಡಿ. ಉಲ್ಟಾ ಕೂಡ ಇದೆ. ನಾವು ಮದುವೆ ಮಾಡಿಕೊಳ್ಳುತ್ತೇವೆ, ಆದರೆ ‘ಅವಳನ್ನು ಮದುವೆಯಾಗುತ್ತೇನೆ’ ಅನ್ನಲು ‘ಹೈರಾಟೆನ್’ಗೆ ಜಿಶ್ ಬೇಡ.

ಹಾಗಾಗಿ ನೋಟ್‌ಬುಕ್‌ನಲ್ಲಿ ಬರೀ ‘ಫ್ರೊಯೆನ್’ ಅಂತ ಬರೆಯಬೇಡಿ, ‘ಇಶ್ ಫ್ರೊಯೆ ಮಿಶ್ ಔಫ್’ ಅಂತ ಪೂರ್ತಿ ಬರೆಯಿರಿ. ಮುಂದೆ ಬರುವ ಹಬ್ಬಕ್ಕೆ ಖುಷಿಯಾದರೆ ‘ಔಫ್’, ಆಗಲೇ ಕೈಗೆ ಬಂದ ಉಡುಗೊರೆಗೆ ‘ಯೂಬರ್’. ಭೂತಕಾಲದಲ್ಲಿ ಜಾಸ್ತಿ ಯೋಚಿಸಬೇಕಾಗಿಲ್ಲ, ಜಿಶ್ ಇದ್ದರೆ ಸಹಾಯಕ ಕ್ರಿಯಾಪದ ‘ಹಾಬೆನ್’: ‘ಇಶ್ ಹಾಬೆ ಮಿಶ್ ಗೆಜೆಟ್ಸ್ಟ್’, ಕೂತುಕೊಂಡೆ.