ಜಾಮೆಟ್ರಿ ಬಾಕ್ಸಿನಲ್ಲಿ ಸಿಕ್ಕ ಮಾತ್ರೆಗಳು

ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಹದಿಹರೆಯದ ಮಕ್ಕಳು ಮಾತ್ರೆ ನುಂಗದೆ ಬಚ್ಚಿಡುವುದು ಅಪರೂಪವೇನಲ್ಲ. ಇಂಥ ಮನೆಯವರು ಸಮಾಲೋಚನೆಗೆ ಅಂತ ನನ್ನ ಹತ್ತಿರ ಆಗಾಗ ಬರುತ್ತಾರೆ. "ನಾವು ಇಷ್ಟೆಲ್ಲ ಮಾಡ್ತಿದ್ದೀವಿ, ಇವನಿಗೆ ಬುದ್ಧಿ ಬೇಡ್ವಾ?" ಅಂತ ಕೇಳುತ್ತಾರೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಮನೆಯವರ ಮತ್ತು ಹುಡುಗನ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಸೋಮವಾರಪೇಟೆ ಕಡೆಯ ಹುಡುಗ, 16 ವರ್ಷ. ಅಪ್ಪ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಮನೆಯಲ್ಲಿ ಅಮ್ಮ, ಅಜ್ಜಿ, ತಂಗಿ. ಕಾಯಿಲೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾ, ಬೇಗ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್. ಇದರ ಚಿಕಿತ್ಸೆ 2ರಿಂದ 3 ವರ್ಷ ನಡೆಯುತ್ತದೆ. ಮೊದಲ ತಿಂಗಳುಗಳ ಕಷ್ಟದ ಕೀಮೋ ಬೆಂಗಳೂರಿನಲ್ಲಿ ಮುಗಿದಿತ್ತು. ಈಗ ಮೇಂಟೆನೆನ್ಸ್ ಹಂತ, ಅಂದರೆ ಕಾಯಿಲೆ ಮರಳದಂತೆ ಮಾತ್ರೆಯಲ್ಲಿ ನಡೆಯುವ ಕೀಮೋ. ದಿನಾ ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆ, ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಆಗಾಗ ರಕ್ತಪರೀಕ್ಷೆ. ಈ ಹೊತ್ತಿಗೆ ಕೂದಲು ಬಂದಿರುತ್ತದೆ, ಮೈ ತುಂಬಿಕೊಂಡಿರುತ್ತದೆ. ನೋಡಿದವರಿಗೆ ಕಾಯಿಲೆಯೇ ಇಲ್ಲ ಅನ್ನಿಸುತ್ತದೆ. ಆದರೆ ಈ ಮಾತ್ರೆ ತಪ್ಪಿದರೆ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚುತ್ತದೆ.

ಮಳೆಗಾಲದಲ್ಲಿ ಒಂದು ರಾತ್ರಿ ಅವನಿಗೆ ಜ್ವರ 100.4 ದಾಟಿತು. ಕೀಮೋ ನಡೆಯುತ್ತಿರುವವರಿಗೆ ಇಷ್ಟು ಜ್ವರ ಬಂದರೆ ಬೆಳಗಿನ ತನಕ ಕಾಯುವ ಹಾಗಿಲ್ಲ. ಕೊಡಗಿನಲ್ಲಿ ರೈಲಿಲ್ಲ, ಇರುವುದು ರಸ್ತೆಯೊಂದೇ. ಆ ರಾತ್ರಿ ದಾರಿಯಲ್ಲಿ ಮರ ಬಿದ್ದಿತ್ತು. ಮೈಸೂರು ತಲುಪುವಾಗ ಬೆಳಕು ಹರಿದಿತ್ತು. ಹುಡುಗ ಉಳಿದ. ಆದರೆ ಅಂದಿನಿಂದ ಮನೆಯವರ ಹೆದರಿಕೆ ಇಳಿಯಲೇ ಇಲ್ಲ. ಗೆಳೆಯರು ಬರುವುದು ನಿಂತಿತು, ಅವನು ಅಂಗಳ ದಾಟುವುದು ನಿಂತಿತು. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಆ ರಾತ್ರಿ ಆ ಜೀಪಿನಲ್ಲಿ ಕೂತಿದ್ದವರು ಅವರು.

ಆಮೇಲೊಂದು ದಿನ ಅವನು ಶಾಲೆಗೆ ಒಯ್ಯದೇ ಬಿಟ್ಟಿದ್ದ ಸ್ಕೂಲ್ ಬ್ಯಾಗನ್ನು ಅಮ್ಮ ತೆಗೆದರು. ಜಾಮೆಟ್ರಿ ಬಾಕ್ಸಿನ ತುಂಬ ಅರ್ಧ ಕರಗಿದ ಮಾತ್ರೆಗಳು. ಅಪ್ಪ ಕೈ ಎತ್ತಿದರಂತೆ, ಅಜ್ಜಿ ಅಡ್ಡ ಬಂದರಂತೆ.

ನನ್ನ ಕೋಣೆಯಲ್ಲಿ ಅವನೊಬ್ಬನನ್ನೇ ಕೂರಿಸಿಕೊಂಡೆ. ವಾಂತಿ ಬರುತ್ತಾ ಅಂತ ಕೇಳಿದೆ. ಇಲ್ಲ ಅಂದ. ನುಂಗದಿದ್ರೆ ಏನಾಗುತ್ತೆ, ಗೊತ್ತಾ ಅಂದೆ.

"ಗೊತ್ತು. ಪಕ್ಕದ ಬೆಡ್‌ನವನಿಗೆ ಮತ್ತೆ ಬಂತು. ನಾನೇ ನೋಡಿದೀನಿ."

"ಗೊತ್ತಿದ್ದೂ ಯಾಕೆ?"

ತುಂಬ ಹೊತ್ತು ಸುಮ್ಮನಿದ್ದ. ಮತ್ತೆ ಒಂದೇ ಉಸಿರಿಗೆ ಹೇಳಿದ. "ಏನು ತಿನ್ಬೇಕು, ಅಮ್ಮ ಹೇಳ್ತಾರೆ. ಸ್ನಾನ ಯಾವಾಗ, ಅಜ್ಜಿ ಹೇಳ್ತಾರೆ. ಫೋನ್ ಎಷ್ಟು ಹೊತ್ತು, ಯಾರು ಮನೆಗೆ ಬರ್ಬೇಕು, ಅಪ್ಪ ಹೇಳ್ತಾರೆ. ಡಾಕ್ಟ್ರೂ ಅಪ್ಪನ ಹತ್ರಾನೇ ಮಾತಾಡ್ತಾರೆ. ಮಾತ್ರೆ ಮಾತ್ರ ನನ್ನ ಬಾಯೊಳಗೆ ಇರುತ್ತಲ್ವಾ ಮೇಡಂ. ಅಲ್ಲಿ ಯಾರೂ ಬರಲ್ಲ."

ಅವನಿಗೆ ಸಾಯುವ ಆಸೆ ಇದೆಯಾ ಅಂತ ನೇರವಾಗಿಯೇ ಕೇಳಿದೆ. ಹಾಗೆ ಕೇಳಲು ಹೆದರಬಾರದು. ಇಲ್ಲ ಮೇಡಂ, ಪಿಯುಸಿ ಮುಗಿಸ್ಬೇಕು ಅಂದ.

"ಇದನ್ನ ಗುಟ್ಟಾಗಿ ಇಡೋಕೆ ನನ್ನಿಂದ ಆಗಲ್ಲ, ಡಾಕ್ಟರಿಗೆ ತಿಳೀಲೇಬೇಕು. ನೀನೇ ಹೇಳ್ತೀಯಾ?" ಅಂದೆ.

"ಈಗ್ಲೇನಾ?"

ಈಗಲೇ ಅಂದೆ. ನಂಬರ್ ಒತ್ತಿ ಕೊಟ್ಟೆ. ಅವನೇ ಮಾತಾಡಿದ.

ಅಷ್ಟು ಅವಸರಕ್ಕೆ ಕಾರಣವಿದೆ. ಈ ಮಾತ್ರೆಯ ಡೋಸನ್ನು ರಕ್ತಕಣಗಳ ಎಣಿಕೆ ನೋಡಿ ಹೊಂದಿಸುತ್ತಾರೆ. ಮಗು ನುಂಗದಿದ್ದರೆ ಬಿಳಿ ರಕ್ತಕಣ ಏರುತ್ತದೆ, ಡೋಸ್ ಸಾಲದು ಅಂತ ಡಾಕ್ಟರು ಹೆಚ್ಚಿಸಬಹುದು. ಆಮೇಲೆ ಅಪ್ಪ ಗದರಿಸಿ ಪೂರ್ತಿ ನುಂಗಿಸಿದರೆ ರಕ್ತಕಣ ಒಮ್ಮೆಲೇ ಕುಸಿಯಬಹುದು. ಇವನಿಗೂ ಡೋಸ್ ಹೆಚ್ಚಿಸುವ ಯೋಚನೆ ನಡೆದಿತ್ತು. ಬಿಟ್ಟ ಮಾತ್ರೆಗಳನ್ನು ಮರುದಿನ ಸೇರಿಸಿ ಕೊಡುವುದೂ ಅಪಾಯ. ವಾರಕ್ಕೊಮ್ಮೆಯ ಮೆಥೋಟ್ರೆಕ್ಸೇಟನ್ನು ತಪ್ಪಿ ದಿನಾ ಕೊಟ್ಟರಂತೂ ಪ್ರಾಣಕ್ಕೇ ಕುತ್ತು.

ಮನೆಯವರಿಗೆ ನಾನು ಹೇಳಿದ್ದು ಇಷ್ಟು. ಮಾತ್ರೆಯ ವಿಷಯದಲ್ಲಿ ಚೌಕಾಸಿ ಬೇಡ. ಅಮ್ಮನ ಎದುರೇ ನುಂಗಬೇಕು, ಆ ಜವಾಬ್ದಾರಿಯನ್ನು ಅವನೊಬ್ಬನೇ ಹೊರುವುದು ಬೇಡ. ಆದರೆ ರಾತ್ರಿ ಎಷ್ಟು ಗಂಟೆಗೆ ಅನ್ನುವುದನ್ನು ಅವನೇ ಗೊತ್ತು ಮಾಡಲಿ. ಡಾಕ್ಟರ ಹತ್ತಿರ ಮೊದಲು ಅವನು ಮಾತಾಡಲಿ, ಸ್ವಲ್ಪ ಹೊತ್ತು ಅಪ್ಪ ಹೊರಗೆ ಕೂರಲಿ. ಯಾವ ಗೆಳೆಯ ಬರಬೇಕು, ಮಧ್ಯಾಹ್ನ ಏನು ಸಾರು, ರೂಮಿನ ಬಾಗಿಲು ಹಾಕಬೇಕೋ ಬೇಡವೋ, ಇವೆಲ್ಲ ಅವನಿಗೇ ಬಿಡಿ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಗದ್ದೆಗೆ ಹೋಗಿ ಕದಿರು ತೆಗೆಯಬೇಕು ಅನ್ನುವುದು ಅವನ ಮೊದಲ ಬೇಡಿಕೆಯಾಗಿತ್ತು. ಡಾಕ್ಟರನ್ನು ಕೇಳಿದರು. ರಕ್ತದ ಎಣಿಕೆ ಚೆನ್ನಾಗಿತ್ತು. ಹೋಗಿ ಬಂದ.

ಹುಡುಗನ ದೊಡ್ಡಪ್ಪ ನನ್ನ ಮೇಲೆ ಸಿಟ್ಟಾದರು. ಕಾಯಿಲೆ ಮರಳುತ್ತೆ ಅಂತ ಗಟ್ಟಿಯಾಗಿ ಹೆದರಿಸಬೇಕಿತ್ತು, ನೀವು ಸಲಿಗೆ ಕೊಟ್ರಿ ಅಂದರು. ನಾನು ಒಪ್ಪುವುದಿಲ್ಲ. ಆ ಹೆದರಿಕೆ ಅವನಿಗೆ ನಮ್ಮೆಲ್ಲರಿಗಿಂತ ಜಾಸ್ತಿ ಇತ್ತು. ಇಲ್ಲದೇ ಇದ್ದದ್ದು ತನ್ನ ಬದುಕಿನಲ್ಲಿ ತನ್ನದೊಂದು ಮಾತು. 16 ವರ್ಷದವರಿಗೆ ಅದು ಎಲ್ಲಿಂದಾದರೂ ಬೇಕೇ ಬೇಕು. ನಾವು ಕೊಡದಿದ್ದರೆ ಅವರೇ ಹುಡುಕಿಕೊಳ್ಳುತ್ತಾರೆ, ಎಲ್ಲಿ ಅಂತ ನಮಗೆ ತಿಳಿಯುವುದೂ ಇಲ್ಲ. ಮನೆಯಲ್ಲಿ ಮಾತ್ರೆಯ ಲೆಕ್ಕ ತಪ್ಪಿದ್ದು ಕಂಡರೆ ಬೈಯುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ. ಆಮೇಲೆ ಮಗುವಿನ ಪಕ್ಕ ಕೂತು, ಇಡೀ ದಿನದಲ್ಲಿ ಯಾವುದನ್ನು ಅದು ತಾನೇ ತೀರ್ಮಾನಿಸುತ್ತೆ ಅಂತ ಕೇಳಿ.

ಹುಡುಗನ ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಕಾಲೇಜಿಗೆ ಸೇರಿದ್ದಾನೆ. ಅಪ್ಪ ಪೂರ್ತಿ ಒಪ್ಪಿಲ್ಲ. ಬಸ್ಸಿನಲ್ಲಿ ಕಳಿಸಬೇಕಾ, ನಾನೇ ಬಿಟ್ಟು ಬರಲಾ ಅಂತ ಈಗಲೂ ನನಗೆ ಫೋನ್ ಮಾಡುತ್ತಾರೆ. ಅವನನ್ನೇ ಕೇಳಿ ಅನ್ನುತ್ತೇನೆ.