ಅವರು ಆ್ಯಪ್ ಬದಲಿಸಿದರೆ ನೀವೂ ಬದಲಿಸಬೇಕಾ?

ನಿಮ್ಮ ಪತ್ರ ಎರಡು ಸಲ ಓದಿದೆ. ವಾರಕ್ಕೆ ಮೂರು ಟೆಕ್ ಪಾಡ್‌ಕಾಸ್ಟ್ ಕೇಳುತ್ತೀರಿ. ಅದರಲ್ಲಿ ಒಬ್ಬ ನಿರೂಪಕರ ಮಾತೆಂದರೆ ನಿಮಗೆ ಬಹಳ ಇಷ್ಟ. ಅವರ ಹಿಂದೆಯೇ ಹೋಗಿ ಒಂದೂವರೆ ವರ್ಷದಲ್ಲಿ ನಾಲ್ಕು ನೋಟ್ಸ್ ಆ್ಯಪ್ ದಾಟಿದ್ದೀರಿ, ಈಗ ಅವರು ಐದನೆಯದಕ್ಕೆ ಹೊರಟಿದ್ದಾರೆ. "ನನ್ನ ನೋಟ್ಸ್ ಎಲ್ಲೆಲ್ಲಿವೆ ಅಂತ ನನಗೇ ಗೊತ್ತಿಲ್ಲ, ನನಗೆ ಶಿಸ್ತಿಲ್ವಾ?" ಅಂತ ಕೇಳಿದ್ದೀರಿ. ಕೊನೆಗೆ, ಈ ನಾಲ್ಕರಲ್ಲಿ ಯಾವುದರಲ್ಲಿ ಉಳಿಯಲಿ ಅಂತಲೂ ಕೇಳಿದ್ದೀರಿ.

ಶಿಸ್ತಿನ ಪ್ರಶ್ನೆ ಬಿಡಿ. ಅದು ಇಲ್ಲದವರು ನಾಲ್ಕು ಸಲ ಕೂತು ಎಲ್ಲ ನೋಟ್ಸ್ ಸಾಗಿಸುತ್ತಿರಲಿಲ್ಲ.

ಆ್ಯಪ್ ಬದಲಿಸುವುದು ಆ ನಿರೂಪಕರ ಕಸುಬು. ವಾರ ವಾರ ಒಂದು ಗಂಟೆ ಮಾತಾಡಬೇಕು, ಹೊಸ ಆ್ಯಪ್ ಬಂದರೆ ಮಾತಿಗೆ ಸರಕು ಸಿಕ್ಕಿತು. ಆರು ವರ್ಷದಿಂದ ತನ್ನ ಪಾಡಿಗೆ ಕೆಲಸ ಮಾಡುತ್ತಿರುವ ಆ್ಯಪ್ ಬಗ್ಗೆ ಒಂದು ಗಂಟೆ ಏನಂತ ಮಾತಾಡುತ್ತಾರೆ? ಹಾಗಾಗಿ ಚೆನ್ನಾಗಿ ನಡೆಯುತ್ತಿರುವುದರ ಸುದ್ದಿ ನಮ್ಮ ಕಿವಿಗೆ ಬೀಳುವುದೇ ಕಡಿಮೆ. ಹಳೆಯದರಿಂದ ಹೊಸದಕ್ಕೆ ಸಾಗಿಸಲು ಎರಡು ದಿನ ಹಿಡಿದರೂ ಅವರಿಗೆ ನಷ್ಟವಿಲ್ಲ, ಅದೇ ಆ ವಾರದ ಎಪಿಸೋಡ್. ನಿಮಗೆ ಅದು ರಜೆಯ ಎರಡು ದಿನ.

ಅವರು ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆ ಹೊತ್ತಿಗೆ ಅವರಿಗೆ ಅನಿಸಿದ್ದನ್ನೇ ಹೇಳುತ್ತಾರೆ. ಆದರೆ ಎಪಿಸೋಡ್ ಯಾವಾಗ ರೆಕಾರ್ಡ್ ಆಗುತ್ತದೆ ನೋಡಿ. ಆ್ಯಪ್ ಹಾಕಿಕೊಂಡು ಹತ್ತು ಹನ್ನೆರಡು ದಿನ ಆಗಿರುತ್ತದೆ, ಅಷ್ಟೇ. ಆಗ ಅದರಲ್ಲಿ ನಲವತ್ತು ನೋಟ್ಸ್ ಇರುತ್ತವೆ, ಎಲ್ಲವೂ ಮೊನ್ನೆ ಬರೆದದ್ದು, ಎಲ್ಲವೂ ತಲೆಯಲ್ಲೇ ಇದೆ. ಹುಡುಕಿದರೆ ಥಟ್ ಅಂತ ಸಿಗುತ್ತದೆ, ಫೋಲ್ಡರ್‌ಗಳು ಅಚ್ಚುಕಟ್ಟು, ಮನಸ್ಸಿಗೂ ಹಗುರ. ಹೊಸ ಮನೆಗೆ ಹೋದ ಮೊದಲ ವಾರ ಅಲಮಾರುಗಳೆಲ್ಲ ಖಾಲಿ ಇರುತ್ತವಲ್ಲ, ಹಾಗೆ. ಅದನ್ನು ಅವರು ಹೋಲಿಸುವುದು ವರ್ಷಗಟ್ಟಲೆಯ ಸಾಮಾನು ತುಂಬಿದ ಹಳೆ ಆ್ಯಪ್ ಜೊತೆ. ಈ ಪಂದ್ಯದಲ್ಲಿ ಹಳೆಯದು ಗೆಲ್ಲುವುದುಂಟಾ?

ಸಾಗಿಸುವಾಗ ಏನು ಕಳೆದುಹೋಗುತ್ತದೆ ಎನ್ನುವುದು ತಿಂಗಳುಗಳ ಮೇಲೆ ಗೊತ್ತಾಗುತ್ತದೆ. ನನಗೆ ಗೊತ್ತಾಗಿದ್ದು ಡಾಕ್ಟರ ಎದುರು ಕೂತಾಗ. ಅಮ್ಮನ ಬಿಪಿ ಮಾತ್ರೆ ಬದಲಾಗಿದ್ದು ಯಾವಾಗ ಅಂತ ಅವರು ಕೇಳಿದರು. ಬರೆದಿಟ್ಟಿದ್ದೆ, ನೋಟ್ ಸಿಕ್ಕಿತು ಕೂಡ. ಆದರೆ ಅದರ ಮೇಲಿದ್ದ ದಿನಾಂಕ ನಾನು ಹೊಸ ಆ್ಯಪ್‌ಗೆ ಇಂಪೋರ್ಟ್ ಮಾಡಿದ ದಿನದ್ದು. ಕೆಳಗಿನ ನೋಟ್ ನೋಡಿದೆ, ಅದಕ್ಕೂ ಅದೇ ದಿನಾಂಕ, ಅದರ ಕೆಳಗಿನದಕ್ಕೂ ಅದೇ. ಎಂಟು ವರ್ಷದ ಬರಹವೆಲ್ಲ ಒಂದೇ ಭಾನುವಾರ ಬರೆದಂತೆ ಕೂತಿತ್ತು. ಚೀಟಿಯ ಫೋಟೋ ಇರಬೇಕಾದ ಕಡೆ ಬೂದು ಬಣ್ಣದ ಚೌಕ, ಅದರ ಮೇಲೆ ಉದ್ದದೊಂದು ಫೈಲ್ ಹೆಸರು. ನಾನು ಅಂದಾಜಿನ ಮೇಲೆ ಒಂದು ತಿಂಗಳು ಹೇಳಿದೆ. ಆ ಅಂದಾಜು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆ ಆ್ಯಪ್ ಹಾಕಿಕೊಂಡಿದ್ದು ನಾನೂ ಒಂದು ಎಪಿಸೋಡ್ ಕೇಳಿಯೇ. ಇಂಪೋರ್ಟ್ ಬಗ್ಗೆ ಅದರಲ್ಲಿ ಒಂದೇ ಮಾತಿತ್ತು, "ಐದು ನಿಮಿಷದಲ್ಲಿ ಆಯಿತು" ಅಂತ. ನಿಜಕ್ಕೂ ಐದೇ ನಿಮಿಷ ಹಿಡಿದಿತ್ತು.

ಇನ್ನು, ನಾವು ಯಾಕೆ ಅವರ ಹಿಂದೆ ಹೋಗುತ್ತೇವೆ? ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಸಂಶೋಧಕರು 1956ರಲ್ಲೇ ಇದರ ಬಗ್ಗೆ ಬರೆದರು. ರೇಡಿಯೊ, ಟಿವಿಯಲ್ಲಿ ಮಾತಾಡುವವರು ಕೇಳುಗರಿಗೆ ನಿಧಾನಕ್ಕೆ ಪರಿಚಯದವರಂತೆ ಆಗಿಬಿಡುತ್ತಾರೆ, ಆದರೆ ಆ ಪರಿಚಯ ಒಂದೇ ಕಡೆಯದು ಎನ್ನುವುದು ಅವರ ಮಾತಿನ ತಿರುಳು. ಪಾಡ್‌ಕಾಸ್ಟ್‌ನಲ್ಲಿ ಆ ದನಿ ಇಯರ್‌ಫೋನ್‌ನಿಂದ ನೇರ ಕಿವಿಯೊಳಗೇ ಬರುತ್ತದೆ, ಪಾತ್ರೆ ತೊಳೆಯುವಾಗ, ನಡೆಯುವಾಗ, ನಿದ್ದೆ ಬಾರದ ರಾತ್ರಿ. ಎಷ್ಟೋ ಸಲ ಜಾಹೀರಾತನ್ನೂ ಅದೇ ದನಿಯೇ ಓದುತ್ತದೆ. ಜಾಹೀರಾತು ಅಂತ ಹೇಳಿಯೇ ಓದಿದರೂ ಕೈಯಲ್ಲಿ ಸೋಪು ಹಿಡಿದವರಿಗೆ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಸ್ನೇಹಿತರು "ನಾನು ಬದಲಿಸಿದೆ" ಅಂದರೆ ನಮಗೆ "ನೀನೂ ಬಾ" ಅಂತ ಕೇಳಿಸುತ್ತದಲ್ಲ, ಇದೂ ಹಾಗೆಯೇ. ಆದರೆ ಸ್ನೇಹಿತರಿಗೆ ನಿಮ್ಮ ಕೆಲಸ ಏನು, ನೋಟ್ಸ್‌ನಲ್ಲಿ ಏನಿದೆ ಅಂತ ಗೊತ್ತಿರುತ್ತದೆ. ಇವರಿಗೆ ಗೊತ್ತಿಲ್ಲ.

ಬದಲಿಸಲೇಬಾರದು ಅಂತಲ್ಲ, ಕೆಲವೊಮ್ಮೆ ಬೇರೆ ದಾರಿಯೇ ಇರುವುದಿಲ್ಲ. ಇಷ್ಟದ ಸೈಟ್‌ಗಳ ಹೊಸ ಬರಹಗಳನ್ನೆಲ್ಲ ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ವಂಡರ್‌ಲಿಸ್ಟ್ ಆ್ಯಪ್ ಅನ್ನು ಮೈಕ್ರೋಸಾಫ್ಟ್ 2015ರಲ್ಲಿ ಕೊಂಡಿತು, 2020ರ ಮೇನಲ್ಲಿ ನಿಲ್ಲಿಸಿತು. ಮೇಲ್‌ಬಾಕ್ಸ್ ಅಂತ ಒಂದು ಇಮೇಲ್ ಆ್ಯಪ್ ಇತ್ತು, 2013ರಲ್ಲಿ ಅದನ್ನು ಪಡೆಯಲು ಜನ ಸರದಿಯಲ್ಲಿ ಕಾದರು. ಅದೇ ವರ್ಷ ಡ್ರಾಪ್‌ಬಾಕ್ಸ್ ಕೊಂಡುಕೊಂಡಿತು, 2016ರಲ್ಲಿ ಅದೂ ಇಲ್ಲವಾಯಿತು. ನೋಟ್ಸ್ ಆ್ಯಪ್ ಎವರ್‌ನೋಟ್ 2023ರ ಕೊನೆಯಲ್ಲಿ ಉಚಿತ ಖಾತೆಗೆ 50 ನೋಟ್ಸ್ ಅಂತ ಮಿತಿ ಹಾಕಿತು. ಹೀಗಾದಾಗ ಎಲ್ಲಿಗೆ ಹೋಗಬೇಕು, ಹೇಗೆ ಸಾಗಿಸಬೇಕು ಅಂತ ಹೇಳಿಕೊಡುವ ಪಾಡ್‌ಕಾಸ್ಟ್ ಚಿನ್ನದಂಥದ್ದು, ಆ ಎಪಿಸೋಡ್‌ಗಳನ್ನು ಖಂಡಿತ ಕೇಳಿ. ರೀಡರ್ ಮುಚ್ಚಿದಾಗ ಎಷ್ಟೋ ಜನ ಒಪಿಎಂಎಲ್ ಎಂಬ ಒಂದೇ ಫೈಲ್‌ನಲ್ಲಿ ತಾವು ಓದುತ್ತಿದ್ದ ಸೈಟ್‌ಗಳ ಪಟ್ಟಿಯನ್ನೆಲ್ಲ ಎತ್ತಿಕೊಂಡು ಬೇರೆ ಕಡೆ ಹೋದರು. ನೀವು ಪಾಡ್‌ಕಾಸ್ಟ್ ಕೇಳುವ ಆ್ಯಪ್‌ಗಳಲ್ಲೂ ಎಷ್ಟೋ ಕಡೆ ಇವತ್ತಿಗೂ ಅದೇ ಫೈಲ್ ನಡೆಯುತ್ತದೆ. ಪಟ್ಟಿ ಸಾಗಿಸುವುದು ಸುಲಭ. ಬದುಕು ತುಂಬಿಕೊಂಡ ನೋಟ್ಸ್ ಸಾಗಿಸುವುದು ಬಹಳ ಕಷ್ಟ.

ಆದ್ದರಿಂದ ಪಾಡ್‌ಕಾಸ್ಟ್ ಬಿಡಬೇಡಿ. ನಿಮಗೆ ಅದರಿಂದ ಸಿಗುವ ಖುಷಿ ನಿಜ, ಅದನ್ನು ಯಾಕೆ ಕಳೆದುಕೊಳ್ಳುತ್ತೀರಿ? ಹೊಸ ಆ್ಯಪ್ ಬಗ್ಗೆ ಕೇಳಿದ ದಿನ ಸುಮ್ನೆ ಅದರ ಹೆಸರು ಬರೆದಿಡಿ, ಮೂರು ತಿಂಗಳು ಬಿಡಿ. ನಿರೂಪಕರು ಆಗಲೂ ಅದರಲ್ಲೇ ಇದ್ದಾರಾ ನೋಡಿ. ಅದಕ್ಕಿಂತ ಜಾಸ್ತಿ ಮುಖ್ಯವಾದದ್ದು ಇನ್ನೊಂದು. ನಿಮ್ಮ ಆ್ಯಪ್ ನಿಮ್ಮ ಕೆಲಸದ ಮಧ್ಯೆ ಕೈಕೊಟ್ಟರೆ ಅದನ್ನು ಆವತ್ತೇ ಬರೆಯಿರಿ, ಏನು ಮಾಡಲು ಹೋಗಿದ್ದೆ, ಯಾಕೆ ಆಗಲಿಲ್ಲ ಅಂತ. ಮೂರು ತಿಂಗಳಲ್ಲಿ ಆ ಪುಟ ಖಾಲಿಯೇ ಇದ್ದರೆ, ಐದನೆಯ ಆ್ಯಪ್ ಬೇಕಾಗಿರುವುದು ಅವರಿಗೆ, ನಿಮಗಲ್ಲ ಅಲ್ವಾ?

ಯಾವುದರಲ್ಲಿ ಉಳಿಯಲಿ ಅಂದಿರಿ. ಮೊದಲನೆಯದರಲ್ಲಿ. ಅದರ ಖಾತೆ ಅಳಿಸಿಲ್ಲ ಅಂತ ಪತ್ರದಲ್ಲೇ ಬರೆದಿದ್ದೀರಿ, ನಿಮ್ಮ ಹಳೆ ನೋಟ್ಸ್‌ನ ದಿನಾಂಕ, ಫೋಟೋ, ಲಿಂಕ್ ಎಲ್ಲ ಅಲ್ಲಿ ಇದ್ದ ಹಾಗೇ ಇರುತ್ತವೆ. ಉಳಿದ ಮೂರರಿಂದ ಏನನ್ನೂ ಒಟ್ಟಿಗೆ ಇಂಪೋರ್ಟ್ ಮಾಡಬೇಡಿ. ಯಾವುದಾದರೂ ನೋಟ್ ಬೇಕೆನಿಸಿದಾಗ ಅದೊಂದನ್ನು ಮಾತ್ರ ಕಾಪಿ ಮಾಡಿ ತನ್ನಿ, ಮೊದಲ ಸಾಲಿನಲ್ಲೇ ಅದರ ಹಳೆ ದಿನಾಂಕವನ್ನು ಕೈಯಾರೆ ಟೈಪ್ ಮಾಡಿ. ವರ್ಷಕ್ಕೆ ಎರಡು ಸಲ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ, ಬೇರೆ ಕಡೆ ಇಟ್ಟುಕೊಳ್ಳಿ. ಮೊದಲ ಎಕ್ಸ್‌ಪೋರ್ಟ್ ಈ ವಾರವೇ ಆಗಲಿ, ಆ ಫೈಲ್ ತೆರೆದು ಫೋಟೋಗಳು ಬಂದಿವೆಯಾ ಅಂತ ನೀವೇ ಕಣ್ಣಾರೆ ನೋಡಿ.