ಮನೆಯವರನ್ನೆಲ್ಲ ಕೂರಿಸಿಕೊಂಡು ದೂರ ಹೋಗುವಾಗ ಕಾರಿನ ಡ್ರೈವರ್ ಅಸಿಸ್ಟ್ ನಂಬಬಹುದಾ?

ವಯಸ್ಸಾದ ತಂದೆ-ತಾಯಿ, ಚಿಕ್ಕ ಮಗು, ಎಂಟು ಗಂಟೆಯ ದಾರಿ, ಓಡಿಸೋದು ನೀವೊಬ್ಬರೇ. ದಣಿವಾದಾಗ ಕಾರಿಗೇ ಬಿಟ್ಟುಕೊಡಬಹುದಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿಯೇ ಅಂಥ ಕಾರು, ಅಂದರೆ ವೇಗ, ಬ್ರೇಕ್, ಲೇನ್ ನೋಡಿಕೊಳ್ಳೋಕೆ ತಾನೇ ನೆರವಾಗುವ ಕಾರು ತಗೊಂಡಿದ್ದು.

ಮೊದಲ ಎರಡು ವಾರ ನನ್ನ ಕಾಲು ಬ್ರೇಕಿನ ಮೇಲೇ ಇರುತ್ತಿತ್ತು. ಮುಂದಿನ ಗಾಡಿ ನಿಧಾನವಾದರೆ ನಮ್ಮದೂ ತಾನಾಗೇ ನಿಧಾನವಾಗುತ್ತಿತ್ತು, ಅದು ಹೊರಟರೆ ಇದೂ ಹೊರಡುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಮೂರನೇ ತಿಂಗಳ ಹೊತ್ತಿಗೆ ಕಾಲು ಹಿಂದೆ ಸರಿದು ಸೀಟಿನ ಬುಡ ಸೇರಿತ್ತು. ಯಾವತ್ತು ಸೇರಿತು ಅಂತ ಕೇಳಿದರೆ ಗೊತ್ತಿಲ್ಲ.

ಆ ದಿನ ಒಳ್ಳೇ ಬಿಸಿಲು, ಒಣ ರಸ್ತೆ. ಹೆದ್ದಾರಿಯಲ್ಲಿ ಒಂದು ದೊಡ್ಡ ಲಾರಿಯ ಹಿಂದೆ 80ರಲ್ಲಿ ಹೋಗುತ್ತಿದ್ದೆವು, ದಾರಿ ಖಾಲಿ ಇದ್ದರೆ ಕಾರು ಹೋಗಬೇಕಾದ ವೇಗ ಅಂತ ನಾನು ಸೆಟ್ ಮಾಡಿದ್ದು 100ಕ್ಕೆ. ಪಕ್ಕದಲ್ಲಿ ಹೆಂಡತಿ, ಹಿಂದೆ ಅಮ್ಮ ಮತ್ತು ಮಗಳು. ಲಾರಿ ಇದ್ದಕ್ಕಿದ್ದಂತೆ ಪಕ್ಕದ ಲೇನಿಗೆ ಸರಿಯಿತು. ನಮ್ಮ ಲೇನಿನಲ್ಲೇ ಒಂದು ವ್ಯಾನು ಕೆಟ್ಟು ನಿಂತಿತ್ತು.

ಇಷ್ಟು ಹೇಳುವಷ್ಟರಲ್ಲಿ ಎಲ್ಲರೂ ಕೇಳೋದು ಒಂದೇ, ಮೊಬೈಲ್ ನೋಡ್ತಿದ್ರಾ ಅಂತ. ಇಲ್ಲ ಸ್ವಾಮಿ. ನಿದ್ದೆಯೂ ಇಲ್ಲ. ವ್ಯಾನು ನನಗೆ ಚೆನ್ನಾಗಿ ಕಂಡಿತು. ಕಂಡ ಮೇಲೂ ನಾನು ಕಾದೆ.

ಇದನ್ನು ಬಿಡಿಸಿ ಹೇಳದಿದ್ದರೆ ನಿಮಗೆ ಅರ್ಥವಾಗೋಲ್ಲ, ನನಗೇ ಅರ್ಥವಾಗೋಕೆ ತಿಂಗಳು ಬೇಕಾಯಿತು. ನನ್ನ ಕಣ್ಣು ಸರಿಯಾಗೇ ಇತ್ತು. ಆದರೆ ಕಾಲಿಗೆ ಅಷ್ಟು ದಿನದಲ್ಲಿ ಬೇರೆಯೇ ಪಾಠವಾಗಿತ್ತು, ಮುಂದೆ ಏನಾದರೂ ಬಂದರೆ ಕಾರು ನೋಡಿಕೊಳ್ಳುತ್ತೆ ಅಂತ. ಹಾಗಾಗಿ ಕಾರು ಈಗ ಬ್ರೇಕ್ ಹಾಕುತ್ತೆ, ಈಗ ಹಾಕುತ್ತೆ ಅಂತ ನೋಡುತ್ತಾ ಕೂತೆ. ಕಾರಿನ ಎಚ್ಚರಿಕೆಯ ಬೀಪ್ ಬಂದಿಲ್ಲ ಅಂದರೆ ಇನ್ನೂ ದೂರವಿದೆ ಅಂತಲೇ ಮನಸ್ಸು ಲೆಕ್ಕ ಹಾಕಿರಬೇಕು. ಹೆಂಡತಿಯ ಕಾಲು ಆಗಲೇ ತನ್ನೆದುರಿನ ನೆಲವನ್ನು ಒತ್ತಿ ಹಿಡಿದಿತ್ತು, ಪಾಪ, ಅಲ್ಲಿ ಬ್ರೇಕ್ ಇರಲಿಲ್ಲ ಅಷ್ಟೇ. ಅವಳು ಆ ಕಾರನ್ನು ಓಡಿಸಿಯೇ ಇರಲಿಲ್ಲ, ಅದಕ್ಕೇ ಅವಳ ಕಾಲು ಕೆಟ್ಟಿರಲಿಲ್ಲ.

ನಾನು ಕಾದಿದ್ದು ಹೆಚ್ಚೆಂದರೆ ಒಂದೂವರೆ ಸೆಕೆಂಡು. 80ರ ವೇಗದಲ್ಲಿ ಸೆಕೆಂಡಿಗೆ 22 ಮೀಟರ್ ಹೋಗುತ್ತೇವೆ. ಒಂದೂವರೆ ಸೆಕೆಂಡಿಗೆ 33 ಮೀಟರ್. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಮೆಟ್ಟಿದ್ದರೆ ಹೆಚ್ಚುಕಡಿಮೆ ಅಷ್ಟೇ ಜಾಗದಲ್ಲಿ ಕಾರು ಪೂರ್ತಿ ನಿಲ್ಲುತ್ತಿತ್ತು. ಅದೂ ಸಾಲದು ಅಂತ ಲಾರಿ ಸರಿದ ಕೂಡಲೇ ನಮ್ಮ ಕಾರು ದಾರಿ ಖಾಲಿಯಾಯಿತು ಅಂದುಕೊಂಡು 100ರ ಕಡೆಗೆ ವೇಗ ಏರಿಸಿತು! ಬೀಪ್ ಬಂತು, ನಾನು ಬ್ರೇಕ್ ಮೆಟ್ಟಿದ ಮೇಲೆ. ವ್ಯಾನಿನ ಹಿಂಬದಿಗೆ ಹೊಡೆದೆವು. ವ್ಯಾನಿನವರು ಪುಣ್ಯಕ್ಕೆ ಇಳಿದು ರಸ್ತೆ ಪಕ್ಕ ದೂರ ನಿಂತಿದ್ದರು. ಸೀಟ್ ಬೆಲ್ಟ್ ಎಳೆದ ರಭಸಕ್ಕೆ ಅಮ್ಮನ ಎರಡು ಪಕ್ಕೆಲುಬು ಬಿರುಕು ಬಿಟ್ಟವು. ಬೆಲ್ಟ್ ಇಲ್ಲದಿದ್ದರೆ ಏನಾಗುತ್ತಿತ್ತೋ, ಅದನ್ನು ನೆನೆಸಿಕೊಳ್ಳೋದೂ ಬೇಡ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊದಲ ಬಾರಿ ಕಾರಿನ ಮ್ಯಾನ್ಯುಯಲ್ ತೆಗೆದೆ. ನಿಂತಿರುವ ವಾಹನವನ್ನು ಗುರುತಿಸದೇ ಇರಬಹುದು, ಮುಂದಿನ ಗಾಡಿ ದಿಢೀರ್ ಲೇನ್ ಬದಲಿಸಿದಾಗ ಜಾಸ್ತಿ ಎಚ್ಚರ ಬೇಕು ಅಂತ ಅದರಲ್ಲೇ ಇತ್ತು. ಕಾರಣ ಸರಳ. ಮುಂದೆ ಏನಿದೆ ಅಂತ ನೋಡುವ ಕಾರಿನ ರಾಡಾರ್‌ಗೆ ಓಡುವ ಗಾಡಿ ಸುಲಭವಾಗಿ ಸಿಗುತ್ತೆ. ಆದರೆ ಸೈನ್‌ಬೋರ್ಡು, ಸೇತುವೆ, ಡಿವೈಡರ್ ಎಲ್ಲವೂ ನಿಂತೇ ಇರುತ್ತವೆ, ಎಲ್ಲದಕ್ಕೂ ಬ್ರೇಕ್ ಹಾಕಿದರೆ ಕಾರು ಓಡೋದು ಹೇಗೆ? ಅದಕ್ಕೇ ಅನೇಕ ಕಾರುಗಳಲ್ಲಿ ಜೋರಾಗಿ ಹೋಗುವಾಗ ನಿಂತ ವಸ್ತುಗಳನ್ನು ಲೆಕ್ಕಕ್ಕೆ ತಗೊಳ್ಳೋದು ಕಡಿಮೆ.

ಈಗ ನಿಮ್ಮ ಪ್ರಶ್ನೆ. ದಣಿವಾದಾಗ ಬಿಟ್ಟುಕೊಡೋದು ಅನ್ನೋ ಯೋಚನೆಯೇ ನನಗೆ ಸರಿ ಕಾಣುತ್ತಿಲ್ಲ. ಮಾರಾಟಕ್ಕಿರುವ ಇಂಥ ಕಾರುಗಳಲ್ಲಿ ಹೆಚ್ಚಿನವು ಲೆವೆಲ್ 2. ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತೆ ಅನ್ನೋದರ ಲೆವೆಲ್‌ಗಳು 0ಯಿಂದ 5ರವರೆಗೆ ಇವೆ, 2ರಲ್ಲಿ ರಸ್ತೆ ನೋಡುವ ಕೆಲಸ ಪೂರ್ತಿ ನಿಮ್ಮದೇ. ಏನೂ ಮಾಡದೆ ಸುಮ್ನೆ ಕಣ್ಣಿಟ್ಟು ಕೂರೋದು ಓಡಿಸೋದಕ್ಕಿಂತ ಕಷ್ಟ. 1948ರಲ್ಲೇ ಮ್ಯಾಕ್‌ವರ್ತ್ ಅನ್ನೋ ಮನಃಶಾಸ್ತ್ರಜ್ಞರು ಜನರನ್ನು ಗಡಿಯಾರದಂತೆ ತಿರುಗುವ ಒಂದು ಮುಳ್ಳಿನ ಮುಂದೆ ಕೂರಿಸಿ, ಅದು ಅಪರೂಪಕ್ಕೊಮ್ಮೆ ಒಟ್ಟಿಗೇ ಎರಡು ಹೆಜ್ಜೆ ಎಗರೋದನ್ನು ಹಿಡಿಯಲು ಹೇಳಿದ್ದರು. ಅರ್ಧ ಗಂಟೆಯೊಳಗೇ ಜನ ತಪ್ಪತೊಡಗಿದರು. ನೀವೂ ನಾನೂ ಅವರಿಗಿಂತ ಮೇಲೇನಲ್ಲ, ಅದೂ ದಣಿದಾಗ. ದಣಿವಾದರೆ ಕಾರು ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ, ಅದಕ್ಕೆ ಯಾವ ಸೆನ್ಸರೂ ಬೇಡ.

ಕಾರು ತಗೊಳ್ಳಬೇಡಿ ಅಂತೇನೂ ಇಲ್ಲ. ತುರ್ತು ಬ್ರೇಕ್, ಬ್ಲೈಂಡ್ ಸ್ಪಾಟ್ (ಕನ್ನಡಿಗೆ ಕಾಣದ ಪಕ್ಕದ ಗಾಡಿಯ) ಎಚ್ಚರಿಕೆ ಇವೆರಡನ್ನೂ ಯಾವತ್ತೂ ಆಫ್ ಮಾಡಬೇಡಿ. ಅವು ನೀವು ಓಡಿಸುತ್ತಿರುವಾಗಲೇ ಹಿಂದೆ ನಿಂತು ಕಾಯುತ್ತವೆ. ವೇಗವನ್ನೂ ಅಂತರವನ್ನೂ ಕಾರೇ ಕಾಯ್ದುಕೊಳ್ಳುವ ಕ್ರೂಸ್ ಹಾಕಲೇಬೇಕು ಅಂದರೆ ಮುಂದಿನ ಗಾಡಿಯಿಂದ ಅಂತರ ಅತಿ ಹೆಚ್ಚಿಗೆ ಇಡಿ, ಸೆಟ್ ಮಾಡಿದ ವೇಗ ನಿಜವಾಗಿ ಹೋಗುತ್ತಿರುವ ವೇಗಕ್ಕೆ ಹತ್ತಿರವೇ ಇರಲಿ, ಮುಂದೆ ಏನೂ ಕಾಣದಂತೆ ದೊಡ್ಡ ಗಾಡಿ ಇದ್ದರೆ ತೆಗೆದುಬಿಡಿ. ಅನುಮಾನ ಬಂದರೆ ಬ್ರೇಕ್ ಮೊದಲು ನಿಮ್ಮದಾಗಬೇಕು. ಕಾರು ಹಾಕುತ್ತಾ ಅಂತ ಒಂದೇ ಒಂದು ಸಲವೂ ಪರೀಕ್ಷೆ ಮಾಡಬೇಡಿ.

ನಮ್ಮಮ್ಮ ಈಗಲೂ ಹಿಂದಿನ ಸೀಟಲ್ಲೇ ಕೂರುತ್ತಾರೆ. ಮುಂದಿನ ಗಾಡಿಯ ಕೆಂಪು ದೀಪ ಹತ್ತಿದ್ದೇ ತಡ, "ಹೂಂ" ಅಂತಾರೆ. ಮೊದಲೆಲ್ಲ ರೇಗುತ್ತಿದ್ದೆ, ಈಗ ಇಲ್ಲ. ಕಾರಿನ ಬೀಪ್‌ಗಿಂತ ಅದು ಬೇಗ ಬರುತ್ತೆ.